ಕೋಳಿ ಗೂಡು ಭದ್ರ ಮಾಡಿ, ನರಿಯನ್ನು ಅದರ ಪಾಡಿಗೆ ಬಿಡಿ

ಕಡೂರು ಕಡೆ ನಮ್ಮ ಹಳ್ಳಿಗಳಲ್ಲಿ ಮತ್ತೆ ನರಿ ಮಾತು ಶುರುವಾಗಿದೆ. ಯಾರದ್ದೋ ಮನೆಯ ಹ್ಯಾಟೆ ಹೋಯಿತು, ಯಾರದ್ದೋ ಹಿತ್ತಿಲಲ್ಲಿ ಮುಸ್ಸಂಜೆಗೆ ಜೋಡಿ ನರಿ ಕಂಡವು, ಅಷ್ಟಕ್ಕೇ ಉರುಳು ಹಾಕೋಣ, ಮದ್ದು ಇಡೋಣ ಅಂತ ಹೊರಟುಬಿಡುತ್ತಾರೆ. ಯಾರಿಗಾದರೂ ಒಳ್ಳೇದಾದರೆ 'ಬೆಳಗ್ಗೆ ಎದ್ದು ನರಿ ಮುಖ ನೋಡಿದ್ಯೇನೋ' ಅಂತ ಕೇಳುವ ಜನ ನಾವು. ಅದೇ ಬಾಯಲ್ಲಿ ಈ ಮಾತು ಬಂದಾಗ ಹೊಟ್ಟೆ ಉರಿಯುತ್ತದೆ.

ನರಿ ಅಂದರೆ 8–10 ಕೆಜಿ ತೂಗುವ ಪ್ರಾಣಿ. ದೊಡ್ಡ ಕುರಿ ಹೊತ್ತುಕೊಂಡು ಹೋಗಿದೆ ಅಂದರೆ ಅದು ತೋಳವೋ ಚಿರತೆಯೋ ಇರಬೇಕು, ನಮ್ಮ ಕಡೆ ಎರಡೂ ಇವೆ. ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಿಸಿದರಲ್ಲ, ಅಲ್ಲಿ ಕೃಷ್ಣಮೃಗದ ಜೊತೆ ತೋಳ, ನರಿಗಳೂ ಬದುಕುತ್ತಿವೆ. ಆದರೆ ಯಾರು ಏನು ಕದ್ದರೂ ಬೈಗುಳ ಮಾತ್ರ ನರಿಗೇ. ನರಿ ನಿಜವಾಗಿ ಏನು ತಿನ್ನುತ್ತದೆ ಅಂತ ತಿಳಿಯಬೇಕಾದರೆ ತೋಟದ ಬದುವಿನ ಮೇಲೆ ಬಿದ್ದಿರುವ ಅದರ ಹಿಕ್ಕೆಯನ್ನು ಕಡ್ಡಿಯಲ್ಲಿ ಬಿಡಿಸಿ ನೋಡಿ. ಎಲಚಿ ಬೀಜ, ಇಲಿ ಕೂದಲು, ಹುಳದ ರೆಕ್ಕೆ ಚೂರು, ಒಂದೊಂದು ಸಲ ಪ್ಲಾಸ್ಟಿಕ್ ಕೂಡ. ಮಲೆನಾಡಿನ ಕಡೆ ಮಾಗಿದ ಕಾಫಿ ಹಣ್ಣನ್ನೂ ಬಿಡುವುದಿಲ್ಲ. ಆ ಇಲಿಗಳೆಲ್ಲ ಉಳಿದಿದ್ದರೆ ನಮ್ಮ ರಾಗಿ ಮೆದೆ ಏನಾಗುತ್ತಿತ್ತು ಹೇಳಿ.

ಹಾಗಂತ ಕೋಳಿ ಹೋದರೆ ಹೋಗಲಿ ಅನ್ನುತ್ತಿಲ್ಲ. ನಮ್ಮ ಮನೆಯಲ್ಲೂ ನಾಟಿ ಕೋಳಿ ಇವೆ. ನರಿ ಗೂಡಿನ ಬಾಗಿಲು ಮುರಿಯುವುದಿಲ್ಲ, ಗೋಡೆ ಬುಡದಲ್ಲಿ ಮಣ್ಣು ಕೆದಕಿ ಕೆಳಗಿನಿಂದ ನುಗ್ಗುತ್ತದೆ. ಅದಕ್ಕೆ ಜಾಲರಿಯನ್ನು ನೆಲದವರೆಗೆ ತಂದು ನಿಲ್ಲಿಸಬೇಡಿ. ಇನ್ನೂ ಒಂದೂವರೆ ಅಡಿ ಜಾಸ್ತಿ ಬಿಟ್ಟು, ಹೊರಗಡೆಗೆ ಮಡಚಿ, ನೆಲಕ್ಕೆ ಹಾಸಿ, ಮೇಲೆ ಮಣ್ಣು ಎಳೆದು ನಾಲ್ಕು ಕಲ್ಲು ಹೇರಿ. ಕೆದಕಲು ಬಂದ ನರಿಯ ಕಾಲಿಗೆ ತಂತಿ ಸಿಗುತ್ತದೆ, ಜಾಲರಿ ಮುಗಿಯುವಷ್ಟು ಹಿಂದೆ ಹೋಗಿ ತೋಡಬೇಕು ಅನ್ನುವುದು ಅದಕ್ಕೆ ಹೊಳೆಯುವುದಿಲ್ಲ. ಕತ್ತಲಾಗುವ ಮುಂಚೆ ಕೋಳಿ ಒಳಗೆ, ಕುರಿಮರಿ ರೊಪ್ಪದೊಳಗೆ. ಸತ್ತ ಕೋಳಿ, ಕರುವಿನ ಮಾಸು, ಮಾಂಸ ತೊಳೆದ ನೀರು ಇವನ್ನೆಲ್ಲ ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ನಾಯಿಗೆ ಹಾಕಿದ ಅನ್ನ ರಾತ್ರಿಯಿಡೀ ಜಗಲಿಯಲ್ಲಿ ಬಿದ್ದಿರಬಾರದು.

ಕೊಂದರೆ ಮುಗಿಯಿತು ಅನ್ನುವವರು ಅಮೆರಿಕದ ಕಯೋಟಿ ಕಥೆ ಕೇಳಬೇಕು. ನಮ್ಮ ನರಿಯ ಹತ್ತಿರದ ಸಂಬಂಧಿ ಅದು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿ ಗುಂಡು, ವಿಷ, ಬೋನು ಎಲ್ಲ ಬಳಸಿ ಲಕ್ಷಗಟ್ಟಲೆ ಕೊಂದರು. ಅದು ಕಡಿಮೆಯಾಗಲಿಲ್ಲ, ಮೊದಲಿಲ್ಲದ ರಾಜ್ಯಗಳಿಗೂ ಹಬ್ಬಿ ದೊಡ್ಡ ದೊಡ್ಡ ಪಟ್ಟಣದೊಳಗೂ ಸೇರಿಕೊಂಡಿತು. ಇಲ್ಲೂ ಅಷ್ಟೇ, ತಿನ್ನಲು ಸಿಗುವ ಜಾಗದಲ್ಲಿ ಒಂದು ಜೋಡಿ ಹೋದರೆ ಇನ್ನೊಂದು ಬಂದು ಕೂರುತ್ತದೆ. ಮೇಲಾಗಿ ಹಂದಿಗೆ, ನರಿಗೆ ಅಂತ ಹಾಕಿದ ಉರುಳಿಗೆ ಚಿರತೆ ಬೀಳುತ್ತದೆ, ವಿಷ ಹಾಕಿದ ಮಾಂಸ ಊರ ನಾಯಿಯ ಹೊಟ್ಟೆ ಸೇರುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ಅಪರಾಧ ಅನ್ನುವುದು ಬೇರೆ.

ಎದುರಿಗೆ ಸಿಕ್ಕರೆ ಓಡಬೇಡಿ. ನಿಂತು ಜೋರಾಗಿ ಗದರಿಸಿ, ಟಾರ್ಚ್ ಬಿಡಿ, ಹೋಗಲು ದಾರಿ ಕೊಡಿ. ಆರೋಗ್ಯವಾಗಿರುವ ನರಿ ತಾನೇ ಜಾಗ ಖಾಲಿ ಮಾಡುತ್ತದೆ. ಪೊದೆಯಲ್ಲಿ ಮರಿ ಕಂಡರೆ ಮುದ್ದಾಗಿವೆ ಅಂತ ಎತ್ತಿಕೊಂಡು ಬರಬೇಡಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ.

ನಾನು ನಿಜವಾಗಿ ಹೆದರುವುದು ಹುಚ್ಚು (ರೇಬೀಸ್) ಹಿಡಿದ ನರಿಗೆ. ಹಾಡಹಗಲೇ ಊರೊಳಗೆ ಬರುತ್ತದೆ, ತೂರಾಡುತ್ತದೆ, ಗದರಿಸಿದರೂ ಹೋಗುವುದಿಲ್ಲ, ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ. ಅಂಥದ್ದು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಚ್ಚಿದರೆ ಸಣ್ಣ ಗೀರಾದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಹೇಳಿದ ಎಲ್ಲ ಇಂಜೆಕ್ಷನ್ ಮುಗಿಸಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹಸುವಿಗೆ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ವಾರಗಳಾದ ಮೇಲೆ ಜೊಲ್ಲು ಸುರಿಸುತ್ತದೆ, ಮೇವು ನುಂಗಲ್ಲ, ಸುಮ್ಮಸುಮ್ಮನೆ ಒರಲುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಕಟ್ಟಿದ ಜಾಗದಲ್ಲೇ ಬಿಟ್ಟು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಪಶುವೈದ್ಯರು ಬಂದು ನೋಡಲಿ. ನಾಯಿಗಳಿಗೆ ವರ್ಷ ವರ್ಷ ಲಸಿಕೆ ಹಾಕಿಸಿ. ನಮ್ಮ ದೇಶದಲ್ಲಿ ಮನುಷ್ಯರಿಗೆ ಈ ರೋಗ ಬರುವುದು ಬಹುಪಾಲು ನಾಯಿಯಿಂದಲೇ.

ನಮ್ಮೂರಲ್ಲಿ ಈಗ ಉಳಿದಿರುವ ದೊಡ್ಡ ತಲೆನೋವು ಕೆರೆ ಏರಿ ಪಕ್ಕ ಸುರಿಯುವ ಕೋಳಿ ಅಂಗಡಿ ಕಸ. ರಾತ್ರಿ ಮೂಟೆಗಟ್ಟಲೆ ತಂದು ಹಾಕುತ್ತಾರೆ, ನಾಯಿ ನರಿ ಎರಡೂ ಅಲ್ಲೇ ಕಿತ್ತಾಡುತ್ತವೆ. ಈ ಸಲ ಗ್ರಾಮಸಭೆಯಲ್ಲಿ ಒಂದು ಗುಂಡಿ ತೆಗೆಸಿಕೊಡಿ ಅಂತ ಕೇಳುವವರಿದ್ದೇವೆ. ನಿಮ್ಮೂರಲ್ಲಿ ಪಂಚಾಯಿತಿ ಇದಕ್ಕೆ ಏನಾದರೂ ವ್ಯವಸ್ಥೆ ಮಾಡಿದ್ದರೆ ತಿಳಿಸಿ, ಸಭೆಗೆ ಹೋಗುವಾಗ ಕೈಯಲ್ಲಿ ಒಂದು ಉದಾಹರಣೆ ಇದ್ದರೆ ಒಳ್ಳೇದು.