ಒಂದೇ ವೇಗಕ್ಕೆ ಅಳೆದು ಮಾಡಿದ ಪೈಪು

ನಮ್ಮ ಮಾವ ಹೊಸೂರಿನ ತಳಿ ರಸ್ತೆಯ ಶೆಡ್ಡಿನಲ್ಲಿ ಇಬ್ಬರು ಕೂರುವ ಸಣ್ಣ ವಿಮಾನ ಕಟ್ಟುತ್ತಿದ್ದಾರೆ. ಅದೇ ದಾರಿಯಲ್ಲಿ ಮುಂದೆ ಹೋದರೆ ಬೆಳಗೊಂಡಪಲ್ಲಿಯ ಏರ್‌ಸ್ಟ್ರಿಪ್ ಸಿಗುತ್ತದೆ. ಅಲ್ಲಿಂದ ವಿಮಾನ ಏಳುವುದನ್ನು ನೋಡಿಯೇ ಅವರಿಗೆ ಈ ಹುಚ್ಚು ಹತ್ತಿದ್ದು. ಇಂಜಿನ್ ಮಾತ್ರ ಕಾರಿನದು. ಜಪಾನಿನಿಂದ ಬಂದ ಹಳೇ ಮಾಜ್ದಾ 13ಬಿ ರೋಟರಿ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ಎರಡು ರೋಟರು, ಅವುಗಳ ನಡುವೆ ಹಾಯುವ ಒಂದು ಶಾಫ್ಟು. ಮುಖ್ಯವಾಗಿ ತಿರುಗುವುದು ಇವಿಷ್ಟೇ. ನಡುಕ ಕಡಿಮೆ, ತೂಕಕ್ಕೆ ತಕ್ಕ ಶಕ್ತಿ ಜಾಸ್ತಿ. ಪಕ್ಕದ ಕೋಲಾರದಲ್ಲೇ 2009ರಲ್ಲಿ ನಿಶಾಂತ್ ಡ್ರೋನು ನಮ್ಮ ದೇಶದಲ್ಲೇ ಮಾಡಿದ 55 ಅಶ್ವಶಕ್ತಿಯ ರೋಟರಿ ಇಂಜಿನ್ ಹೊತ್ತು ಹಾರಿತ್ತು. ಶೆಡ್ಡಿಗೆ ಯಾರೇ ಬಂದರೂ ಮಾವ ಇದನ್ನು ಹೇಳದೆ ಬಿಡುವುದಿಲ್ಲ.

ಇಂಜಿನ್ನಿಗೆ ಗಾಳಿ ಕೊಡುವ ದಾರಿ ಮಾಡುವ ಕೆಲಸ ನನಗೆ ಬಂತು. ಫಿಲ್ಟರ್, ಅದನ್ನು ಕೂರಿಸುವ ಏರ್‌ಬಾಕ್ಸ್, ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್, ಪೈಪು ಎಲ್ಲಾ ಸೇರಿ.

ಈ ಇಂಜಿನ್ ಗಾಳಿ ಕುಡಿಯುವುದು ಸ್ವಲ್ಪವಲ್ಲ. ಒಂದೊಂದು ಕೋಣೆ 654 ಸಿಸಿ. ಶಾಫ್ಟ್ ಒಂದು ಸುತ್ತು ಸುತ್ತಿದರೆ ಎರಡು ರೋಟರೂ ಸೇರಿ ಹತ್ತಿರ ಹತ್ತಿರ 1.3 ಲೀಟರ್. ನಿಮಿಷಕ್ಕೆ 6000 ಸುತ್ತಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 130 ಲೀಟರ್ ಗಾಳಿ ಬೇಕು. ಅರವತ್ತು ಮಿಲಿಮೀಟರ್ ಬಾಯಿಯ ಪೈಪಿನಲ್ಲಿ ಅದು ಸೆಕೆಂಡಿಗೆ 46 ಮೀಟರ್ ವೇಗದಲ್ಲಿ ನುಗ್ಗಬೇಕು. 75 ಮಿಲಿಮೀಟರ್ ಆದರೆ 30ಕ್ಕೆ ಇಳಿಯುತ್ತದೆ. ಹಾಗಾಗಿ ಬಾಯಿ 75 ಅಂತ ಬೇಗ ತೀರ್ಮಾನವಾಯಿತು.

ಮಾವನಿಗೆ ಮೂಗಿನ ಮುಂದೆ ಬಾಯಿ ತೆರೆದ ಸ್ಕೂಪ್ ಬೇಕಿತ್ತು. ಹಾರುವಾಗ ಗಾಳಿ ತಾನೇ ಒಳಗೆ ನುಗ್ಗುತ್ತದಲ್ಲ ಅಂತ. ನುಗ್ಗುತ್ತದೆ, ನಿಜ. ಆದರೆ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಅದರಿಂದ ಸಿಗುವ ಒತ್ತಡ ಶೇಕಡಾ ಎರಡರಷ್ಟು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೆಲದ ಮೇಲೆ ನಿಂತಾಗಲೇ ಶೇಕಡಾ ಹತ್ತು ಒತ್ತಡ ಕಳೆದುಕೊಂಡಿರುತ್ತೇವೆ. ಹೆಚ್ಚೂಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಕಳ್ಳ ಬಿಸಿ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಶೇಕಡಾ ಒಂದರಷ್ಟು ತೆಳುವಾಗುತ್ತದೆ. 13ಬಿಯಲ್ಲಿ ಗಾಳಿ ಒಳಹೋಗುವ ಪೋರ್ಟು, ಹೊಗೆ ಹೊರಬರುವ ಪೋರ್ಟು ಎರಡೂ ಒಂದೇ ಮಗ್ಗುಲಲ್ಲಿವೆ. ಕೆಳಗೆ ಕೆಂಪಗೆ ಕಾಯುವ ಎಕ್ಸಾಸ್ಟ್, ಅದರ ತಲೆಯ ಮೇಲೇ ಇನ್‌ಟೇಕ್. ಇಂಜಿನ್ ಜೊತೆ ಬಂದಿದ್ದ ಹಳೇ ವ್ಯವಸ್ಥೆ ಅದೇ ಜಾಗದ ಗಾಳಿಯನ್ನು ಎಳೆಯುತ್ತಿತ್ತು. ಥರ್ಮಾಮೀಟರ್ 58 ಡಿಗ್ರಿ ತೋರಿಸಿತು. ಹೊರಗೆ 30.

ಅದಕ್ಕೇ ಮೊದಲು ಏರ್‌ಬಾಕ್ಸ್. ಥರ್ಮೋಕೋಲ್ ಕೆತ್ತಿ ಆಕಾರ ಮಾಡಿ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ, ಫೈಬರ್‌ಗ್ಲಾಸ್ ಬಟ್ಟೆಗೆ ಎಪಾಕ್ಸಿ ಬಳಿದು ಹೊದಿಸಿದೆವು. ಗಟ್ಟಿಯಾದ ಮೇಲೆ ಅಸಿಟೋನ್ ಸುರಿದರೆ ಥರ್ಮೋಕೋಲ್ ಕರಗಿ ಹೋಗುತ್ತದೆ, ಟೇಪನ್ನು ಎಳೆದು ತೆಗೆಯಬಹುದು. ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಅದು ಸೋಕಿದಲ್ಲೆಲ್ಲ ಥರ್ಮೋಕೋಲನ್ನೇ ತಿನ್ನುತ್ತದೆ. ಫಿಲ್ಟರ್ ಎಷ್ಟು ತಡೆಯುತ್ತಿದೆ ಎಂದು ನೋಡಲು ಗಾರೆ ಕೆಲಸದವರ ಲೆವೆಲ್ ಪೈಪಿಗೆ ಬಣ್ಣದ ನೀರು ತುಂಬಿ ಕಟ್ಟಿದೆವು. ಎರಡು ಕಡೆಯ ನೀರಿನ ಮಟ್ಟದ ನಡುವೆ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಒಂದು ಮಿಲಿಬಾರ್ ನಷ್ಟ. ದೊಡ್ಡ ಫಿಲ್ಟರ್ ಹಾಕಿ, ತಂಪು ಗಾಳಿ ಎಳೆಯುವಂತೆ ಮಾಡಿದ ಮೇಲೆ ಇಂಜಿನ್ ಪರೀಕ್ಷಿಸುವ ಸ್ಟ್ಯಾಂಡಿನ ಮೇಲಿನ ಫುಲ್ ಥ್ರಾಟಲ್ ವೇಗ 5450ರಿಂದ 5620ಕ್ಕೆ ಏರಿತು. ಫ್ಯಾನು (ವಿಮಾನದ ಪ್ರೊಪೆಲ್ಲರ್) ಕೇಳುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಇದು ಶೇಕಡಾ 9-10ರಷ್ಟು ಹೆಚ್ಚುವರಿ ಶಕ್ತಿ.

ನಾನು ಹೇಳಬೇಕೆಂದಿರುವುದು ಮಾತ್ರ ಪೈಪು ಜೋಡಿಸಿದ ಆ ದಿನದ ಬಗ್ಗೆ.

ಗಾಳಿ ಒಳಹೋಗುವ ಪೋರ್ಟ್ ತೆರೆದ ಕ್ಷಣ ಒಳಗೆ ಉಳಿದ ಹೊಗೆಯ ಒತ್ತಡ ಪೈಪಿನೊಳಗೆ ಒಂದು ಅಲೆಯನ್ನು ತಳ್ಳುತ್ತದೆ. ಬಾವಿಯೊಳಗೆ ಕೂಗಿದ ದನಿಯ ಹಾಗೆ ಅದು ಪೈಪಿನುದ್ದಕ್ಕೂ ಓಡುತ್ತದೆ. ಎರಡು ರೋಟರ್‌ಗಳ ನಡುವೆ ಶಾಫ್ಟಿನ ಅರ್ಧ ಸುತ್ತಿನ ಅಂತರ ಇದೆ. ಒಂದರ ಪೋರ್ಟ್ ತೆರೆದಾಗ ಇನ್ನೊಂದರ ಪೋರ್ಟ್ ಮುಚ್ಚಲು ಇನ್ನೂ 98 ಡಿಗ್ರಿ ಬಾಕಿ. ಇದರ ಅಲೆ ಅದರ ಬಾಗಿಲು ಮುಚ್ಚುವುದಕ್ಕೆ ತುಸು ಮೊದಲು ಹೋಗಿ ತಲುಪಿದರೆ, ಬಿಟ್ಟಿಯಾಗಿ ಒಂದಿಷ್ಟು ಗಾಳಿ ಒಳಗೆ ಒತ್ತಿ ಕೂರುತ್ತದೆ. 6000 ವೇಗದಲ್ಲಿ 98 ಡಿಗ್ರಿ ಅಂದರೆ 2.7 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಸುಮಾರು 95 ಸೆಂಟಿಮೀಟರ್ ಹೋಗುತ್ತದೆ. ತುಸು ಮೊದಲೇ ತಲುಪಲಿ ಎಂದು 90 ಇಟ್ಟುಕೊಂಡೆವು. ಹೌಸಿಂಗ್ (ರೋಟರಿನ ಕವಚ) ಒಳಗಿನ ದಾರಿಯೂ ಸೇರಿ ಒಂದೊಂದು ರೋಟರಿನ ಕಡೆಗೆ 45.

"ಲೆ ಮಾನ್ ಗೆದ್ದ ಗಾಡಿಯಲ್ಲಿ ಪೈಪ್ ಉದ್ದ ತಾನೇ ಬದಲಾಗ್ತಿತ್ತಲ್ವಾ, ನಾವೂ ಹಾಗೆ ಮಾಡೋಣ" ಅಂದರು ಮಾವ. 1991ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸ್ ಗೆದ್ದ ಮಾಜ್ದಾ 787ಬಿಯಲ್ಲಿ ಹಿಂದೆ ಮುಂದೆ ಸರಿಯುವ ಪೈಪುಗಳಿದ್ದವು. ಅದು ರೇಸ್ ಕಾರು. ತಿರುವಿನಲ್ಲಿ ವೇಗ ಇಳಿಯುತ್ತದೆ, ನೇರದಲ್ಲಿ ಏರುತ್ತದೆ.

"ಮಾವ, ನಿಮ್ಮ ವಿಮಾನ ಏರಿದ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಇರುತ್ತೆ. ಇಂಜಿನ್ 6000, ಗೇರ್‌ಬಾಕ್ಸ್ 2.85, ಫ್ಯಾನ್ 2100. ಅದೊಂದಕ್ಕೆ ಸರಿಯಾಗಿದ್ದರೆ ಸಾಕು. ಗಾಳಿಯ ದಾರಿಯಲ್ಲಿ ಸರಿಯುವ ಭಾಗ ಬೇಡವೇ ಬೇಡ" ಅಂದೆ. ಕಾರಿನ ಇನ್‌ಟೇಕ್ ಎಲ್ಲಾ ವೇಗಕ್ಕೂ ಅಷ್ಟಷ್ಟು ಹೊಂದಿಕೊಂಡಿರಬೇಕು. ವಿಮಾನದ್ದು ಹಾಗಲ್ಲ. ಇದನ್ನು ಬಿಟ್ಟು ಕಾರಿನದನ್ನೇ ನಕಲು ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಆರ್ಗನ್ ವೆಲ್ಡಿಂಗ್ ಮಾಡುವ ಅಣ್ಣ ಪೈಪು ನೋಡಿ, "ಏನ್ ಸಾರ್, ಇಷ್ಟುದ್ದ ಯಾಕೆ? ಪಕ್ಕದಲ್ಲೇ ಮುಗಿಸಬಹುದಲ್ಲ" ಅಂದರು. ಇಂಜಿನ್ ಮೇಲಿಂದ ಹಾಯಿಸಿ ಆ ಕಡೆಗೆ ಒಯ್ಯಬೇಕು ಅಂದೆ. ಹಾಗೆ ಮಾಡಿದರೆ ಬೇಕಾದ ಉದ್ದವೂ ಸಿಗುತ್ತದೆ, ಥ್ರಾಟಲ್ ಕೂಡ ಎಕ್ಸಾಸ್ಟಿನ ಬಿಸಿಯಿಂದ ದೂರ ಹೋಗುತ್ತದೆ. ಅವರು ರೆಡಿ ಬೆಂಡುಗಳನ್ನು ಕತ್ತರಿಸಿ, ಒಂದೊಂದನ್ನೂ ಇಟ್ಟು ನೋಡಿ, ಟ್ಯಾಕ್ ಹಾಕಿ, ಮತ್ತೆ ತೆಗೆದು ಪೂರ್ತಿ ವೆಲ್ಡ್ ಮಾಡಿದರು. ಒಳಗೆ ಉಬ್ಬಿದ ವೆಲ್ಡಿಂಗ್ ಗೆರೆಯನ್ನೆಲ್ಲ ತೀಡಿ ತೆಗೆಸಿದೆ. ಒಂದು ಚೂರು ಕಳಚಿ ಒಳಗೆ ಹೋದರೂ ರೋಟರಿನ ಮೂಲೆಯಲ್ಲಿ ಒತ್ತಡ ಸೋರದಂತೆ ತಡೆಯುವ ಅಪೆಕ್ಸ್ ಸೀಲ್ ಮುಗಿದಂತೆ. ಆ ಅಣ್ಣನ ಕೈಕೆಲಸಕ್ಕೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಸಂಜೆ ಸ್ಟಾರ್ಟ್ ಮಾಡಿದೆವು. 4500ರ ಆಸುಪಾಸಿನಲ್ಲಿ ಹಳೆಯದಕ್ಕಿಂತ ಸ್ವಲ್ಪ ಮಂಕಾಗಿಯೇ ಇತ್ತು. ಮಾವ ನನ್ನ ಮುಖ ನೋಡಿದರು. 5300 ದಾಟುತ್ತಿದ್ದಂತೆ ದನಿ ಗಟ್ಟಿಯಾಯಿತು, ಮುಳ್ಳು ಮುಂದಕ್ಕೆ ಹೋಯಿತು. ಫುಲ್ ಥ್ರಾಟಲ್‌ನಲ್ಲಿ 5740. ಬರೀ ಉದ್ದದಿಂದ ಇನ್ನೂ ಶೇಕಡಾ ಆರರಷ್ಟು. ಹಾರುವಾಗ ಫ್ಯಾನಿನ ಹೊರೆ ಇಳಿದು ವೇಗ 6000ದ ಕಡೆಗೆ ಸರಿಯುತ್ತದೆ. ನಾವು ಅಳೆದಿದ್ದು ಆ ಜಾಗಕ್ಕೇ.

ಇಂಜಿನ್ ತಣ್ಣಗಾದ ಮೇಲೆ ವೆಲ್ಡಿಂಗ್‌ಗೆ ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಹೊಡೆದು ಬಿರುಕು ನೋಡಿದೆವು, ಇರಲಿಲ್ಲ. ಆದರೂ ಪೈಪಿನ ಭಾರ ಹೊರಲು ಇಂಜಿನ್ನಿಗೇ ಒಂದು ಬ್ರಾಕೆಟ್ ಕೂರಿಸಬೇಕು. ಫೈರ್‌ವಾಲ್‌ಗೆ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಗೆ) ಕಟ್ಟಿದರೆ ಇಂಜಿನ್ ಅಲ್ಲಾಡಿದಾಗಲೆಲ್ಲ ಪೈಪು ತಿರುಚಿಕೊಳ್ಳುತ್ತದೆ. ಏರ್‌ಬಾಕ್ಸಿಗೆ ಸ್ಪ್ರಿಂಗ್ ಬಾಗಿಲೊಂದು ಬಾಕಿ ಇದೆ. ಮಳೆಗೆ ಫಿಲ್ಟರ್ ಒದ್ದೆಯಾಗಿ ಕಟ್ಟಿದರೆ ಇಂಜಿನ್ನಿನ ಎಳೆತಕ್ಕೇ ಅದು ತೆರೆದುಕೊಂಡು ಗಾಳಿ ಕೊಡಬೇಕು. ಅದು ಆಗುವವರೆಗೆ ಸ್ಟ್ಯಾಂಡಿನಿಂದ ಇಂಜಿನ್ ಇಳಿಸುವುದಿಲ್ಲ ಎಂದು ಮಾವನಿಗೆ ಹೇಳಿದ್ದೇನೆ.