ಕೊಸುಮೆಲ್‌ನ ಕತ್ತಲ ಗಂಟಲು

ಕೊಸುಮೆಲ್ ದ್ವೀಪದ ಪುಂತಾ ಸುರ್ ಅನ್ನುವ ಆಳದ ಡೈವಿಂಗ್ ತಾಣಕ್ಕೆ ಇಳಿಸಿ ಅಂತ ಕೇಳಿದ ಮೊದಲ ದಿನ ಗೈಡ್ ಒಪ್ಪಲೇ ಇಲ್ಲ. ನೇತ್ರಾಣಿಯಲ್ಲಿ ಡೈವಿಂಗ್ ಕಲಿತವಳು ನಾನು, ಲಾಗ್‌ಬುಕ್‌ನಲ್ಲಿ ಡೈವ್‌ಗಳ ಲೆಕ್ಕ ನೂರು ದಾಟಿತ್ತು. ಆದರೂ ಅವರು ಎರಡು ದಿನ ಪಾಲಾಂಕಾರ್ ಅನ್ನುವ ಹವಳದ ದಂಡೆಗೆ ಕರೆದುಕೊಂಡು ಹೋಗಿ, ನಾನೂ ಗೆಳತಿಯೂ ಎಷ್ಟು ಗಾಳಿ ಖರ್ಚು ಮಾಡುತ್ತೇವೆ ಅಂತ ನೋಡಿದರು. ಹಾಗೆ ನೋಡುವ ಗೈಡ್ ಸಿಗುವುದು ಭಾಗ್ಯ.

ಕೊಸುಮೆಲ್ ಮೆಕ್ಸಿಕೋದ ದ್ವೀಪ. ಇಲ್ಲಿನ ಹವಳದ ದಂಡೆಗಳು 1996ರಿಂದ ರಾಷ್ಟ್ರೀಯ ಉದ್ಯಾನ. ಕೈಗವಸು ಹಾಕುವ ಹಾಗಿಲ್ಲ, ಹಾಕಿದರೆ ಹವಳ ಮುಟ್ಟುವ ಆಸೆ ಬರುತ್ತದೆ ಅಲ್ವಾ.

ಮೂರನೇ ದಿನ ದ್ವೀಪದ ದಕ್ಷಿಣ ತುದಿಯ ಪುಂತಾ ಸುರ್‌ಗೆ ಹೋದೆವು. ಅಲ್ಲಿನ ‘ಡೆವಿಲ್ಸ್ ಥ್ರೋಟ್’ (ದೆವ್ವದ ಗಂಟಲು) ಅನ್ನುವ ಸುರಂಗದ ಬಾಯಿ ಸುಮಾರು 27 ಮೀಟರ್ ಆಳದಲ್ಲಿದೆ. ಹೊರಬರುವುದು 40ರ ಹತ್ತಿರ. ಹವ್ಯಾಸಿ ಡೈವರ್‌ಗಳಿಗೆ ಅಲ್ಲಿಗೇ ಮಿತಿ. ಆ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಐದು ಪಟ್ಟು, ಪ್ರತಿ ಉಸಿರಿಗೂ ಐದು ಪಟ್ಟು ಗಾಳಿ ಹೋಗುತ್ತದೆ. ಸುರಂಗದೊಳಗೆ ಏನೇ ಆದರೂ ನೇರ ಮೇಲೇಳಲು ಆಗುವುದಿಲ್ಲ, ತಲೆಯ ಮೇಲೆ ಬಂಡೆ.

ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು. ಮುಂದಿನವರ ಕಾಲಿನ ಫಿನ್ (ಈಜುರೆಕ್ಕೆ) ಬಿಟ್ಟರೆ ಏನೂ ಕಾಣದು. ಗೋಡೆಗೆ ಏನೋ ಕಪ್ಪಗೆ ಅಂಟಿಕೊಂಡಿತ್ತು. ಟಾರ್ಚ್ ಹಿಡಿದೆ. ಕುಂಕುಮ ಕಲಸಿ ಬಳಿದ ಹಾಗೆ ಕಡುಗೆಂಪು ಸ್ಪಾಂಜ್, ಬಂಡೆಗೆ ಅಂಟಿ ಬದುಕುವ ಸಮುದ್ರಜೀವಿ! ಕೆಂಪು ಬೆಳಕು ನೀರಿನಲ್ಲಿ ಮೊದಲೇ ಕರಗಿಹೋಗುತ್ತದೆ, ಅದಕ್ಕೇ ಇಷ್ಟು ಆಳದಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ಬೆಳಕು ಸರಿಸಿದೆ, ಮತ್ತೆ ಕಪ್ಪು. ಮತ್ತೆ ಹಿಡಿದೆ. ಅಲ್ಲೇ ನಿಂತುಬಿಡೋಣ ಅನಿಸಿತು.

ಹೊರಗೆ ಬಂದರೆ ಗೋಡೆ ಕೆಳಗಿಳಿಯುತ್ತಲೇ ಇದೆ, ತಳವೇ ಇಲ್ಲ, ಬರೀ ನೀಲಿ. ಮನಸ್ಸು ಸುಮ್ನೆ ಹಗುರಾಯಿತು. ಗೇಜ್ ನೋಡಿದೆ, ಅಂಕಿ ತಲೆಗೆ ಹೋಗಲಿಲ್ಲ. ಮತ್ತೆ ನೋಡಿದೆ. ಆಗ ಗೊತ್ತಾಯಿತು, ಇದು ನೈಟ್ರೋಜನ್ ಅಮಲು, ಆಳದ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ತಲೆಗೇರುವುದು. ಗೈಡ್‌ಗೆ ಸನ್ನೆ ಮಾಡಿದೆ. ಅವರು ನನ್ನ ಕಣ್ಣನ್ನೇ ನೋಡುತ್ತಾ ಜೊತೆಯಲ್ಲೇ ಮೇಲೆ ಕರೆತಂದರು. ಕೆಲವೇ ಮೀಟರ್ ಏರುವಷ್ಟರಲ್ಲಿ ತಲೆ ತಿಳಿಯಾಯಿತು.

ಆಮೇಲೆ ಪ್ರವಾಹವೇ ನಮ್ಮನ್ನು ಹೊತ್ತುಕೊಂಡು ಹೋಯಿತು. ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನ ಹೊರಹೋಗಲಿ ಅಂತ 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು, ಬಣ್ಣದ ಬಲೂನ್ ಮೇಲೆ ಬಿಟ್ಟೆವು. ದೋಣಿ ಅದನ್ನು ನೋಡಿಕೊಂಡು ಬಂತು.

ಮಧ್ಯಾಹ್ನ ಜಾಸ್ತಿ ಆಳವಿಲ್ಲದ ಕಡೆ ಇಳಿದಾಗ ಗೆಳತಿ ಕೈ ಹಿಡಿದೆಳೆದಳು. ಹವಳದ ಬುಡದಲ್ಲಿ ಪಟ್ಟೆ ಮುಖ, ಹಳದಿ ರೆಕ್ಕೆಯ ಟೋಡ್‌ಫಿಶ್ ಅನ್ನುವ ಮೀನು. ಕಪ್ಪೆಯ ಹಾಗೆ ವಟಗುಟ್ಟುತ್ತಿತ್ತು, ನೀರಿನೊಳಗೂ ಚೆನ್ನಾಗಿ ಕೇಳಿಸಿತು.