ರಾಯಚೂರಿನ ಬಿಸಿಲಿಗೆ ಯೀಸ್ಟ್‌ನಲ್ಲಿ ಪ್ರಿಯಾನ್ ಹುಟ್ಟುತ್ತಾ?

ರಾಯಚೂರಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಬೇಸಿಗೆ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ: "ಸರ್, ಕಾವು ಜಾಸ್ತಿ ಆದ್ರ ಯೀಸ್ಟ್‌ನಾಗ ಪ್ರಿಯಾನ್ ಆಗ್ತಾವಂತಲ್ರೀ, ಮತ್ತ ಬ್ರೆಡ್ ತಿನ್ನಬೇಕೋ ಬ್ಯಾಡೋ?"

ಧಾರಾಳವಾಗಿ ತಿನ್ನಿ. ಹುಚ್ಚು ಹಸು ರೋಗ ತರುವ ಪ್ರಿಯಾನ್ ಪ್ರೋಟೀನೇ ಬೇರೆ, ಯೀಸ್ಟ್‌ನಲ್ಲಿರುವುದೇ ಬೇರೆ. ಯೀಸ್ಟ್‌ನ ಪ್ರಿಯಾನ್‌ನಿಂದ ಮನುಷ್ಯರಿಗೆ ರೋಗ ಬಂದ ಉದಾಹರಣೆ ಇಲ್ಲ. ಆದರೆ ಪ್ರಶ್ನೆಯ ಮೊದಲರ್ಧ ಇದೆಯಲ್ಲ, ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ.

ಪ್ರಿಯಾನ್ ಅಂದರೆ ಮಡಿಕೆ ಬದಲಾದ ಪ್ರೋಟೀನ್. ತನ್ನ ಜೊತೆಯವನ್ನೂ ತನ್ನ ಹಾಗೆಯೇ ಮಡಿಸಿಬಿಡುತ್ತದೆ. ಯೀಸ್ಟ್‌ನಲ್ಲಿ ಸಪ್-35 ಅನ್ನುವ ಪ್ರೋಟೀನ್ ಇದೆ. ಜೀನ್ ಓದುವಾಗ "ಇಲ್ಲಿಗೆ ಸಾಕು, ನಿಲ್ಲಿಸು" ಅನ್ನುವ ಕೆಲಸದಲ್ಲಿ ಅದರ ಪಾಲಿದೆ. ಅದು ಪ್ರಿಯಾನ್ ಆಗಿ ಗಂಟುಕಟ್ಟಿದರೆ ಓದು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಡೆನಿನ್ (ಡಿಎನ್‌ಎ ಕಟ್ಟಲು ಬೇಕಾದ ಒಂದು ವಸ್ತು) ತಯಾರಿಸುವ ಜೀನ್‌ನ ನಡುವೆ ನಿಲುಗಡೆ ಬಿದ್ದಿರುವ ಒಂದು ತಳಿ ಇದೆ. ಆ ಕೋಶಗಳಲ್ಲಿ ಕೆಂಪು ಬಣ್ಣ ಕೂಡಿಕೊಳ್ಳುತ್ತದೆ. ಪ್ರಿಯಾನ್ ಬಂದ ಕೋಶ ಆ ನಿಲುಗಡೆ ದಾಟಿ ಅಡೆನಿನ್ ಮಾಡಿಕೊಂಡು ಬೆಳ್ಳಗಾಗುತ್ತದೆ. ಕೆಂಪು ಚುಕ್ಕೆಗಳ ತಟ್ಟೆಯಲ್ಲಿ ಎಲ್ಲೋ ಒಂದು ಬಿಳಿ ಚುಕ್ಕೆ. ಅದರ ಮರಿಗಳೂ ಬಿಳಿ, ಡಿಎನ್‌ಎ ಮಾತ್ರ ಇದ್ದ ಹಾಗೇ ಇರುತ್ತದೆ! ತಳಿವಿಜ್ಞಾನಿ ಬ್ರಯಾನ್ ಕಾಕ್ಸ್ 1965ರಲ್ಲೇ ಈ ಗುಣವನ್ನು ಗುರುತಿಸಿದ್ದರು. ಇದು ಪ್ರಿಯಾನ್ ಇರಬೇಕು ಅಂತ ಇನ್ನೊಬ್ಬ ವಿಜ್ಞಾನಿ ರೀಡ್ ವಿಕ್ನರ್ ಹೇಳಿದ್ದು 1994ರಲ್ಲಿ.

ಹಾಗಾದರೆ ಕಾವಿಗೂ ಇದಕ್ಕೂ ಏನು ಸಂಬಂಧ? ಪ್ರೋಟೀನ್‌ಗಳ ಮಡಿಕೆ ಕೆಡದಂತೆ ನೋಡಿಕೊಳ್ಳಲು ಕೋಶದಲ್ಲಿ ಸಹಾಯಕ ಪ್ರೋಟೀನ್‌ಗಳಿವೆ. ಮೇ ತಿಂಗಳಲ್ಲಿ ಊರ ತುಂಬ ಟಿಸಿ ಸುಟ್ಟರೆ ಲೈನ್‌ಮನ್ ಒಬ್ಬನೇ ಎಲ್ಲಿಗಂತ ಓಡಬೇಕು? ಅವುಗಳ ಪಾಡೂ ಅದೇ. ಕಾವು, ಹೈಡ್ರೋಜನ್ ಪೆರಾಕ್ಸೈಡ್, ಆಲ್ಕೋಹಾಲ್, ಏನೇ ಬಿದ್ದರೂ ಕೆಟ್ಟ ಪ್ರೋಟೀನ್‌ಗಳ ರಾಶಿ ಏಳುತ್ತದೆ. ಆ ಗದ್ದಲದಲ್ಲಿ ಸಪ್-35 ಕೈತಪ್ಪುತ್ತದೆ. ಮಾಮೂಲಿ ದಿನಗಳಲ್ಲಿ ಪ್ರಿಯಾನ್ ಹುಟ್ಟುವುದು ಸುಮಾರು ಹತ್ತು ಲಕ್ಷ ಕೋಶಗಳಲ್ಲಿ ಒಂದಕ್ಕೆ. ಬೇರೆ ಬೇರೆ ಒತ್ತಡಗಳಲ್ಲಿ ಈ ಪ್ರಮಾಣ ಏರುತ್ತದೆ ಅಂತ ವಿಜ್ಞಾನಿ ಸೂಸನ್ ಲಿಂಡ್‌ಕ್ವಿಸ್ಟ್ ಅವರ ತಂಡ 2008ರಲ್ಲಿ ತೋರಿಸಿತು. ಏರಿದರೂ ಅಪರೂಪವೇ ಅನ್ನಿ.

ವಿಚಿತ್ರ ಏನೆಂದರೆ, ಕಾವಿನಿಂದ ಕಾಪಾಡುವ ಎಚ್‌ಎಸ್‌ಪಿ-104 ಅನ್ನುವ ಸಹಾಯಕ ಪ್ರೋಟೀನ್ ಇಲ್ಲದಿದ್ದರೆ ಈ ಪ್ರಿಯಾನ್ ಉಳಿಯುವುದೇ ಇಲ್ಲ. ಗಂಟನ್ನು ತುಂಡರಿಸಿ ಮರಿಕೋಶಕ್ಕೂ ಸಿಗುವಂತೆ ಮಾಡುವುದು ಅದೇ. ಅದು ಅತಿಯಾದರೂ ಪ್ರಿಯಾನ್ ಮಾಯ. ಹಾಗಾಗಿ "ಕಾವು ಕೊಟ್ಟರೆ ಪ್ರಿಯಾನ್ ಹೆಚ್ಚುತ್ತೆ" ಅಂತ ಸುಮ್ನೆ ಒಂದೇ ಮಾತಲ್ಲಿ ಹೇಳಲಾಗದು. ಹೊಸದು ಹುಟ್ಟುವುದು ಬೇರೆ, ಹುಟ್ಟಿದ್ದು ಉಳಿಯುವುದು ಬೇರೆ. ಕೆಲವು ದುರ್ಬಲ ಪ್ರಿಯಾನ್‌ಗಳು ಅದೇ ಕಾವಿಗೆ ಅಳಿದೂ ಹೋಗುತ್ತವೆ.

ಪ್ರಿಯಾನ್ ಅಂದರೆ ಯೀಸ್ಟ್‌ಗೆ ರೋಗ ಅನ್ನುತ್ತಾರೆ ವಿಕ್ನರ್. ಕಷ್ಟಕಾಲದಲ್ಲಿ ಒಂದಿಷ್ಟು ಕೋಶಗಳು ಬೇರೆ ದಾರಿ ಹಿಡಿದು ನೋಡುವ ಉಪಾಯ ಅನ್ನುತ್ತಿದ್ದರು ಲಿಂಡ್‌ಕ್ವಿಸ್ಟ್. ಸಪ್-35ರ ಮಟ್ಟಿಗೆ ನನಗೆ ವಿಕ್ನರ್ ಮಾತನ್ನು ತಳ್ಳಿಹಾಕಲು ಮನಸ್ಸಿಲ್ಲ. ಆದರೆ ಮಾಟ್-3 ಅನ್ನುವ ಇನ್ನೊಂದು ಪ್ರೋಟೀನ್ ನೋಡಿ. ಆಲ್ಕೋಹಾಲ್ ಜಾಸ್ತಿಯಾದರೆ ಅದರ ಪ್ರಿಯಾನ್ ಹೆಚ್ಚುತ್ತದೆ. ಆಮೇಲೆ ಆಮ್ಲಜನಕ ಕಡಿಮೆಯಾದರೆ ಅಳಿಯುತ್ತದೆ. ಹುದುಗುವ ಯೀಸ್ಟ್‌ಗೆ ಈ ಎರಡೂ ದಿನನಿತ್ಯದ ಪರಿಸ್ಥಿತಿಗಳೇ ಅಲ್ವಾ? ಇದೊಂದನ್ನು ಬರೀ ರೋಗ ಅನ್ನಲು ನಾನು ಒಪ್ಪುವುದಿಲ್ಲ.